ಪೊಂಪೈ ಮನೆಗಳಲ್ಲಿ ಕೆಲಸದವರು ಎಲ್ಲಿ ಮಲಗುತ್ತಿದ್ದರು?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ನಾನೂ ನನ್ನ ತಂಗಿಯೂ ಪೊಂಪೈಗೆ ಹೋಗಿ ಬಂದೆವು. ಕ್ರಿ.ಶ. 79ರಲ್ಲಿ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಇಟಲಿಯ ರೋಮನ್ ಊರು ಅದು. ಎರಡು ದಿನ ನಡೆದಿದ್ದೇ ನಡೆದಿದ್ದು. ಅಲ್ಲಿನ ಸಿರಿವಂತರ ಮನೆಗಳಲ್ಲೊಂದಾದ ವೆಟ್ಟಿ ಮನೆ ತುಂಬಾ ವರ್ಷ ಮುಚ್ಚಿತ್ತಂತೆ, ದುರಸ್ತಿ ಮುಗಿಸಿ 2023ರಲ್ಲಿ ಪೂರ್ತಿ ತೆರೆದಿದ್ದಾರೆ. ಒಳಗೆ ಕಾಲಿಟ್ಟರೆ ಬಣ್ಣ ಇನ್ನೂ ಜೀವಂತವಾಗಿದೆ. ಒಂದು ಕೋಣೆಯ ಗೋಡೆಗಳಲ್ಲಿ ರೆಕ್ಕೆ ಇರುವ ಪುಟ್ಟ ಮಕ್ಕಳು ಅಕ್ಕಸಾಲಿ ಕೆಲಸ ಮಾಡುತ್ತಿದ್ದಾರೆ, ಸುಗಂಧದ ಎಣ್ಣೆ ತಯಾರಿಸುತ್ತಿದ್ದಾರೆ. ಎಷ್ಟು ಹೊತ್ತು ನೋಡಿದರೂ ಸಾಲದು.

ಗೈಡ್ ಬಹಳ ಚೆನ್ನಾಗಿ ವಿವರಿಸಿದರು. ಹಜಾರ, ಕಂಬಸಾಲಿನ ತೋಟ, ಊಟದ ಕೋಣೆ, ಎಲ್ಲವನ್ನೂ ತೋರಿಸಿದರು. ನನಗೊಂದು ಪ್ರಶ್ನೆ ಬಂತು. ಇಷ್ಟು ದೊಡ್ಡ ಮನೆಯ ಅಡುಗೆ, ನೀರು, ಕಸ, ದೀಪ ಎಲ್ಲ ನೋಡಿಕೊಳ್ಳುತ್ತಿದ್ದವರು ಗುಲಾಮರು ತಾನೇ? ಅವರು ರಾತ್ರಿ ಎಲ್ಲಿ ಮಲಗುತ್ತಿದ್ದರು? ಕೇಳಿದೆ. "ಅಲ್ಲಲ್ಲೇ ಮಲಗುತ್ತಿದ್ದರು" ಅಂದು ಮುಂದಿನ ಕೋಣೆಗೆ ಹೊರಟರು. ಹೆಂಗಸರ ಕೋಣೆ ಯಾವುದು ಅಂತ ತಂಗಿ ಕೇಳಿದಳು. ಅದಕ್ಕೂ ಸರಿಯಾದ ಉತ್ತರ ಸಿಗಲಿಲ್ಲ.

ಇಲ್ಲಿ ಗೊತ್ತಿರುವವರು ಇದ್ದಾರೆ ಅಂತ ಬರೆಯುತ್ತಿದ್ದೇನೆ. ಇದು ಮನಸ್ಸಿನಿಂದ ಹೋಗುತ್ತಿಲ್ಲ.

ಕಲ್ಲುಚಪ್ಪಡಿ

ಒಳ್ಳೆಯ ಪ್ರಶ್ನೆ ಮೇಡಂ. ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವನು. ಈ ವಿಷಯವನ್ನು ಬಹಳ ವರ್ಷದಿಂದ ಓದುತ್ತಿದ್ದೇನೆ.

ನಿಮ್ಮ ಗೈಡ್ ಹೇಳಿದ್ದು ತಪ್ಪೇನಲ್ಲ. ಆದರೆ ಅದು ತೀರಾ ಚಿಕ್ಕ ಉತ್ತರವಾಯಿತು. ನಾವು ಮನೆಯನ್ನು ಕೋಣೆ ಕೋಣೆಯಾಗಿ ನೋಡುತ್ತೇವೆ. ಇದು ಅಪ್ಪ ಅಮ್ಮನದು, ಇದು ಮಕ್ಕಳದು, ಇದು ನೆಂಟರದು ಅಂತ. ರೋಮನ್ನರ ಮನೆಯನ್ನು ಹಾಗೆ ನೋಡಿದರೆ ಅರ್ಥವಾಗುವುದಿಲ್ಲ. ಅಲ್ಲಿ ಕೇಳಬೇಕಾದ್ದು ಯಾರು ಎಷ್ಟು ಒಳಗೆ ಬರಬಹುದು, ಯಾವ ಹೊತ್ತಿಗೆ ಬರಬಹುದು ಅನ್ನುವುದನ್ನು.

ವಿಟ್ರೂವಿಯಸ್ ಅನ್ನುವ ವಾಸ್ತುಶಿಲ್ಪಿ ಕ್ರಿ.ಪೂ. 1ನೇ ಶತಮಾನದಲ್ಲಿ ಇದನ್ನು ನೇರವಾಗಿ ಬರೆದಿದ್ದಾನೆ. ಮನೆಯಲ್ಲಿ ಕೆಲವು ಜಾಗಗಳಿಗೆ ಕರೆಯದೆ ಇದ್ದರೂ ಊರಿನ ಯಾರು ಬೇಕಾದರೂ ಬರಬಹುದು. ಬಾಗಿಲ ಮುಂದಿನ ಜಾಗ, ಆಟ್ರಿಯಂ ಅನ್ನುವ ಮುಂದಿನ ಹಜಾರ, ಕಂಬಸಾಲಿನ ಅಂಗಳ ಇಂಥವು. ಮಲಗುವ ಕೋಣೆ, ಊಟದ ಕೋಣೆ, ಸ್ನಾನದ ಮನೆಗೆ ಕರೆದರೆ ಮಾತ್ರ ಹೋಗಬೇಕು. ಸಾಮಾನ್ಯ ಜನರಿಗೆ ದೊಡ್ಡ ಹಜಾರದ ಅಗತ್ಯವೇ ಇಲ್ಲ ಅನ್ನುತ್ತಾನೆ ಅವನು. ಯಾಕೆಂದರೆ ಅವರು ಇನ್ನೊಬ್ಬರ ಮನೆಗೆ ಹೋಗಿ ನಮಸ್ಕಾರ ಹೇಳುವವರು, ಅವರ ಮನೆಗೆ ಯಾರೂ ಹಾಗೆ ಬರುವುದಿಲ್ಲ.

ಅದು ದಿನಾ ಬೆಳಗಿನ ಪದ್ಧತಿ. ಬೆಳಕು ಹರಿಯುವ ಹೊತ್ತಿಗೇ ಆಶ್ರಿತರು ಯಜಮಾನನ ಮನೆಗೆ ಬಂದು ಹಜಾರದಲ್ಲಿ ಕಾಯುತ್ತಾರೆ. ಎದುರಿಗೆ ಟ್ಯಾಬ್ಲಿನಂ ಅನ್ನುವ ತೆರೆದ ಕೋಣೆಯಲ್ಲಿ ಯಜಮಾನ. ಎಷ್ಟೋ ಮನೆಗಳಲ್ಲಿ ಬೀದಿ ಬಾಗಿಲಲ್ಲಿ ನಿಂತರೆ ಹಜಾರ, ಟ್ಯಾಬ್ಲಿನಂ, ಅದರಾಚೆಯ ತೋಟ ಎಲ್ಲ ಒಂದೇ ಗೆರೆಯಲ್ಲಿ ಕಾಣುತ್ತವೆ. ಬೇಕೆಂದೇ ಹಾಗೆ ಕಟ್ಟಿದ್ದು. ಬೀದಿಯಲ್ಲಿ ಹೋಗುವವನಿಗೂ ಒಳಗಿನ ಸಿರಿ ಕಾಣಬೇಕು.

ವೆಟ್ಟಿ ಮನೆಯಲ್ಲಿ ಟ್ಯಾಬ್ಲಿನಂ ಇಲ್ಲ. ಹಜಾರ ದಾಟಿದ ಕೂಡಲೇ ತೋಟ. ಹಣದ ದೊಡ್ಡ ಪೆಟ್ಟಿಗೆಗಳನ್ನು ಹಜಾರದಲ್ಲೇ ಎಲ್ಲರಿಗೂ ಕಾಣುವಂತೆ ಇಟ್ಟಿದ್ದರು.

ಹೆಂಚಿನಮನೆ

ಹಜಾರದ ಮಧ್ಯೆ ಚಾವಣಿ ತೆರೆದು, ಕೆಳಗೆ ತೊಟ್ಟಿ ಇರುತ್ತದೆ ಅಲ್ವಾ? ನಾನು ಹುಟ್ಟಿ ಬೆಳೆದದ್ದು ತೊಟ್ಟಿ ಮನೆಯಲ್ಲಿ. ಫೋಟೋ ನೋಡಿದಾಗ ಮೈ ಜುಮ್ಮೆಂದಿತು. ನಮ್ಮ ಕಡೆಗೆ ಇದು ಅವರಿಂದ ಬಂದದ್ದಾ?

ನಕ್ಷೆಗಾರ್ತಿ

ಹೆಂಚಿನಮನೆ ಅವರೇ, ಒಬ್ಬರಿಂದ ಇನ್ನೊಬ್ಬರಿಗೆ ಬಂತು ಅನ್ನುವುದಕ್ಕೆ ಏನೂ ಆಧಾರವಿಲ್ಲ. ಬೀದಿ ಕಡೆ ಗೋಡೆ, ಅಕ್ಕಪಕ್ಕ ಮನೆ ಇದ್ದಾಗ ಗಾಳಿ ಬೆಳಕು ಮೇಲಿಂದಲೇ ಬರಬೇಕು. ಹಾಗಾಗಿ ಬೇರೆ ಬೇರೆ ಕಡೆ ಜನ ಅದೇ ಉತ್ತರ ಕಂಡುಕೊಂಡಿದ್ದಾರೆ.

ನಾನು ಮನೆ ನಕ್ಷೆ ಮಾಡುವವಳು, ಆದ್ದರಿಂದ ಆ ತೊಟ್ಟಿಯ ಕೆಲಸ ನನಗೆ ಬಹಳ ಇಷ್ಟ. ನಾಲ್ಕೂ ಕಡೆಯ ಮಾಡು ಒಳಕ್ಕೆ ಇಳಿಜಾರು. ಮಳೆ ನೀರು ಕೆಳಗಿನ ಇಂಪ್ಲೂವಿಯಂಗೆ, ಅಂದರೆ ಆ ತೊಟ್ಟಿಗೆ ಬೀಳುತ್ತದೆ. ಅಲ್ಲಿಂದ ಒಂದು ದಾರಿ ನೆಲದಡಿಯ ನೀರಿನ ತೊಟ್ಟಿಗೆ, ಇನ್ನೊಂದು ಬೀದಿಗೆ. ನೆಲದಡಿಯ ನೀರು ಸೇದಲು ಪಕ್ಕದಲ್ಲೇ ಕಲ್ಲಿನ ಬಾವಿಕಟ್ಟೆ. ಆಮೇಲೆ ಕಾಲುವೆ ನೀರು ಊರಿಗೆ ಬಂತು. ಬೀದಿ ಬೀದಿಯಲ್ಲಿ ಸುಮಾರು 40 ನೀರಿನ ಕಟ್ಟೆಗಳಾದವು. ಸಿರಿವಂತರು ಸೀಸದ ಕೊಳವೆ ಹಾಕಿಸಿ ತೋಟದಲ್ಲಿ ಕಾರಂಜಿ ಮಾಡಿಸಿಕೊಂಡರು. ಉಳಿದವರು ಬೀದಿಯಿಂದ ಹೊತ್ತು ತರಬೇಕು. ಹೊತ್ತವರು ಯಾರು ಅಂತ ತುಂಗಾತೀರ ಅವರಿಗೆ ಹೇಳಬೇಕಾಗಿಲ್ಲ.

ಇನ್ನು ಅಡುಗೆಮನೆ. ಅದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಸಾವಿರಾರು ಚದರಡಿಯ ಮನೆಯಲ್ಲಿ ಅಡುಗೆಗೆ ಒಂದು ಕತ್ತಲ ಮೂಲೆ. ಕಲ್ಲಿನ ಕಟ್ಟೆ ಮೇಲೆ ಕೆಂಡ, ಅದರ ಮೇಲೆ ಮುಕ್ಕಾಲಿ ಸ್ಟ್ಯಾಂಡ್, ಅದರ ಮೇಲೆ ಪಾತ್ರೆ. ಹೊಗೆ ಹೋಗಲು ಹೆಚ್ಚೆಂದರೆ ಒಂದು ಕಿಂಡಿ. ಬಹಳ ಮನೆಗಳಲ್ಲಿ ಒಲೆಯ ಪಕ್ಕದಲ್ಲೇ ಪಾಯಿಖಾನೆ, ಮಧ್ಯೆ ಗೋಡೆಯೂ ಇರುವುದಿಲ್ಲ. ಎರಡರ ನೀರೂ ಒಂದೇ ಗುಂಡಿಗೆ ಹೋಗಲಿ ಅಂತ. ಕಟ್ಟಿಸಿದವರು ಅಲ್ಲಿ ನಿಂತು ಕೆಲಸ ಮಾಡುವವರಲ್ಲ, ಅದಕ್ಕೇ ಹೀಗೆ.

ಮಲ್ಲಿಗೆಬಳ್ಳಿ

ಹೆಂಗಸರ ಕೋಣೆಯ ಪ್ರಶ್ನೆಗೆ ನಾನು ಸ್ವಲ್ಪ ಹೇಳುತ್ತೇನೆ. ನನಗೆ ಗ್ರೀಕ್ ವಿಷಯ ಜಾಸ್ತಿ ಗೊತ್ತು.

ಕಾರ್ನೇಲಿಯಸ್ ನೇಪೋಸ್ ಅನ್ನುವ ರೋಮನ್ ಲೇಖಕ ಎರಡು ಕಡೆಯ ರೂಢಿಯನ್ನೂ ಹೋಲಿಸಿದ್ದಾನೆ. ಹೆಂಡತಿಯನ್ನು ಔತಣಕ್ಕೆ ಕರೆದುಕೊಂಡು ಹೋಗಲು ಯಾವ ರೋಮನ್ ತಾನೇ ನಾಚುತ್ತಾನೆ ಅಂತ ಕೇಳುತ್ತಾನೆ. ರೋಮ್‌ನಲ್ಲಿ ಮನೆಯೊಡತಿ ಇರುವುದೇ ಮನೆಯ ಮುಂಭಾಗದಲ್ಲಿ, ಬಂದು ಹೋಗುವವರ ನಡುವೆ. ಗ್ರೀಸ್‌ನಲ್ಲಿ ನೆಂಟರ ಊಟಕ್ಕೆ ಬಿಟ್ಟರೆ ಅವಳು ಹೋಗುವುದಿಲ್ಲ. ಒಳಗಿನ ಹೆಂಗಸರ ಭಾಗದಲ್ಲೇ ಇರುತ್ತಾಳೆ, ಹತ್ತಿರದ ಬಂಧುಗಳನ್ನು ಬಿಟ್ಟು ಬೇರೆಯವರು ಅಲ್ಲಿಗೆ ಹೋಗುವುದಿಲ್ಲ ಅನ್ನುತ್ತಾನೆ. ಹಾಗಾಗಿ ಪೊಂಪೈಯಲ್ಲಿ ಹೆಂಗಸರ ಕೋಣೆ ಅಂತ ಬೇರೆ ಹುಡುಕಿದರೆ ಸಿಗುವುದಿಲ್ಲ. ಗ್ರೀಕ್ ಮನೆಯಲ್ಲಿ ಮುಂದೆ ಗಂಡಸರ ಭಾಗ, ಒಳಗೆ ಅಥವಾ ಮೇಲೆ ಹೆಂಗಸರ ಭಾಗ.

ಕಲ್ಲುಚಪ್ಪಡಿ

ಮಲ್ಲಿಗೆಬಳ್ಳಿ ಅವರೇ, ರೋಮ್ ಬಗ್ಗೆ ಒಪ್ಪುತ್ತೇನೆ. ಗ್ರೀಕರ ಬಗ್ಗೆ ನೀವು ಹೇಳಿದ್ದು ಪುಸ್ತಕದಲ್ಲಿದೆ, ನೆಲದಲ್ಲಿ ಸಿಗುತ್ತಿಲ್ಲ.

ಒಲಿಂಥಸ್ ಅಂತ ಉತ್ತರ ಗ್ರೀಸ್‌ನ ಊರು. ಅಲೆಕ್ಸಾಂಡರನ ಅಪ್ಪ ಎರಡನೇ ಫಿಲಿಪ್ ಅದನ್ನು ಕ್ರಿ.ಪೂ. 348ರಲ್ಲಿ ಹಾಳುಗೆಡವಿದ. ಜನ ಬಿಟ್ಟು ಓಡಿದ ಸಾಮಾನು ಹಾಗೇ ಹೂತುಹೋಯಿತು. 1928ರಿಂದ ಹತ್ತು ವರ್ಷದಲ್ಲಿ ಅಮೆರಿಕದ ಡೇವಿಡ್ ರಾಬಿನ್ಸನ್ ತಂಡ ಅಲ್ಲಿ ನೂರಕ್ಕೂ ಹೆಚ್ಚು ಮನೆಗಳನ್ನು ಅಗೆದು ತೆಗೆಯಿತು. ಎಲ್ಲ ಹೆಚ್ಚು ಕಡಿಮೆ ಒಂದೇ ಅಳತೆ, 17 ಮೀಟರ್ ಉದ್ದ, 17 ಮೀಟರ್ ಅಗಲ. ಐದೈದು ಮನೆಯ ಎರಡು ಸಾಲು, ಬೆನ್ನಿಗೆ ಬೆನ್ನು, ಮಧ್ಯೆ ನೀರು ಹೋಗಲು ಇಕ್ಕಟ್ಟಾದ ಓಣಿ.

ಆ ಮನೆಗಳಲ್ಲಿ ಗಂಡಸರ ಕೋಣೆ ಗುರುತಿಸುವುದು ಬಹಳ ಸುಲಭ. ಆಂಡ್ರಾನ್ ಅಂತ ಅದರ ಹೆಸರು. ಗೋಡೆಯ ಸುತ್ತ ಮಂಚ ಹಾಕಲು ಸ್ವಲ್ಪ ಎತ್ತರದ ಕಟ್ಟೆ. ಮಂಚಗಳು ಸರಿಯಾಗಿ ಕೂರಲಿ ಅಂತ ಬಾಗಿಲು ಗೋಡೆಯ ಮಧ್ಯದಲ್ಲಿ ಇರದೆ ಒಂದು ಪಕ್ಕಕ್ಕೆ ಸರಿದಿರುತ್ತದೆ. ಕೆಲವು ಕಡೆ ನೆಲದಲ್ಲಿ ಕಪ್ಪು ಬಿಳಿ ಬೆಣಚುಕಲ್ಲಿನ ಚಿತ್ತಾರ. ಎಲ್ಲ ಮನೆಗಳಲ್ಲಿ ಇದು ಇಲ್ಲ, ಅನುಕೂಲ ಇದ್ದವರ ಮನೆಯಲ್ಲಿ ಮಾತ್ರ.

ಹೆಂಗಸರ ಕೋಣೆ ಯಾವುದು ಅಂತ ಹುಡುಕಿದರೆ? ಇಂಥದ್ದೇ ಅಂತ ತೋರಿಸಲು ಆಗುವುದಿಲ್ಲ. ಮಗ್ಗದ ನೂಲು ಬಿಗಿಯಾಗಿ ನಿಲ್ಲಲು ಕೆಳಗೆ ಕಟ್ಟುವ ಮಣ್ಣಿನ ಗುಂಡುಗಳು ಪಡಸಾಲೆಯಲ್ಲಿ ಸಿಕ್ಕಿವೆ, ಅಂಗಳದ ಪಕ್ಕ ಸಿಕ್ಕಿವೆ, ಬೇರೆ ಬೇರೆ ಕೋಣೆಗಳಲ್ಲಿ ಸಿಕ್ಕಿವೆ. ಮನೆಯ ಹೆಂಗಸರು ಇಡೀ ಮನೆಯಲ್ಲಿ ಓಡಾಡಿಕೊಂಡು ಕೆಲಸ ಮಾಡುತ್ತಿದ್ದರು. ಹೊರಗಿನ ಗಂಡಸರು ಬಂದಾಗ ಅವರನ್ನು ಆ ಒಂದು ಕೋಣೆಯಲ್ಲಿ ಕೂರಿಸಿ ಬಾಗಿಲು ಹಾಕಿದರೆ ಆಯಿತು. ಕಟ್ಟಿ ಹಾಕಿದ್ದು ಅತಿಥಿಗಳನ್ನು ಅಂತಲೇ ನನಗೆ ಅನಿಸುತ್ತದೆ.

ಮಲ್ಲಿಗೆಬಳ್ಳಿ

ಅಂದರೆ ಬರೆದವರೆಲ್ಲ ಸುಳ್ಳು ಹೇಳಿದರಾ ಸರ್? ಅಥೆನ್ಸ್‌ನ ಲಿಸಿಯಸ್ ಅನ್ನುವವನು ಬರೆದುಕೊಟ್ಟ ಕೋರ್ಟ್ ಭಾಷಣ ಇದೆ, ಕ್ರಿ.ಪೂ. 400ರ ಆಸುಪಾಸಿನದು. ಯೂಫಿಲೆಟಸ್ ಅನ್ನುವವನು ತನ್ನ ಹೆಂಡತಿಯ ಜೊತೆ ಸಿಕ್ಕಿಬಿದ್ದವನನ್ನು ಕೊಂದ ಕೇಸು. ಅವನೇ ನ್ಯಾಯಸಭೆಯ ಮುಂದೆ "ನನ್ನದು ಎರಡು ಅಂತಸ್ತಿನ ಸಣ್ಣ ಮನೆ, ಹೆಂಗಸರದು ಮೇಲೆ, ಗಂಡಸರದು ಕೆಳಗೆ" ಅಂತ ಹೇಳುತ್ತಾನಲ್ಲ.

ಕಲ್ಲುಚಪ್ಪಡಿ

ಸುಳ್ಳಲ್ಲ. ಆದರೆ ಅದರ ಮುಂದಿನ ಮಾತನ್ನೂ ಓದಿ. ಮಗು ಹುಟ್ಟಿತು. ರಾತ್ರಿ ಮಗುವನ್ನು ತೊಳೆಯಲು ಹೆಂಡತಿ ಪ್ರತಿ ಸಲ ಏಣಿ ಇಳಿಯುವುದು ಅಪಾಯ ಅಂತ ಅವನು ಮೇಲಕ್ಕೆ ಹೋದ, ಹೆಂಗಸರು ಕೆಳಗೆ ಬಂದರು. ಅಷ್ಟೇ. ಒಂದು ಮಗುವಿಗಾಗಿ ಹೆಂಗಸರ ಭಾಗ ಕೆಳಗೆ ಬಂತು, ಗಂಡಸರ ಭಾಗ ಮೇಲೆ ಹೋಯಿತು! ಅಂದರೆ ಅದು ಗೋಡೆಗೆ ಅಂಟಿದ ವಿಷಯ ಆಗಿರಲಿಲ್ಲ. ಯಾರು ಎಲ್ಲಿ ಇದ್ದಾರೋ ಅದರ ಮೇಲೆ ಹೆಸರು.

ಮಲ್ಲಿಗೆಬಳ್ಳಿ

ಈ ಭಾಗ ಎಷ್ಟೋ ಸಲ ಓದಿದ್ದೇನೆ, ಹೀಗೆ ಯೋಚಿಸಿರಲಿಲ್ಲ. ಒಪ್ಪಿದೆ.

ಆ ಕಥೆಯಲ್ಲಿ ತುಂಗಾತೀರ ಅವರ ಪ್ರಶ್ನೆಗೂ ಸ್ವಲ್ಪ ಉತ್ತರ ಇದೆ. ಪ್ರಿಯಕರ ಬಂದ ರಾತ್ರಿ ಕೆಲಸದ ಹುಡುಗಿ ಬೇಕೆಂದೇ ಮಗುವನ್ನು ಅಳಿಸುತ್ತಾಳೆ, ಒಡತಿಗೆ ಕೆಳಗೆ ಇಳಿಯಲು ನೆಪ ಸಿಗಲಿ ಅಂತ. ಒಡತಿ ಹೋಗುವಾಗ ಗಂಡನ ಕೋಣೆಗೆ ಹೊರಗಿಂದ ಬೀಗ ಹಾಕುತ್ತಾಳೆ. ರಾತ್ರಿ ಬಾಗಿಲು ಕಿರುಗುಟ್ಟಿತಲ್ಲ ಅಂತ ಬೆಳಿಗ್ಗೆ ಗಂಡ ಕೇಳಿದರೆ, ಮಗುವಿನ ದೀಪ ಆರಿತ್ತು, ಪಕ್ಕದ ಮನೆಯಿಂದ ಹಚ್ಚಿಕೊಂಡು ಬಂದೆ ಅನ್ನುತ್ತಾಳೆ. ಕೊನೆಗೆ ಯಜಮಾನ ಆ ಕೆಲಸದವಳನ್ನೇ ಹೆದರಿಸಿ ಬಾಯಿ ಬಿಡಿಸುತ್ತಾನೆ. ಎಲ್ಲವನ್ನೂ ನೋಡುವವಳು ಅವಳು, ಏಟು ತಿನ್ನಬೇಕಾದವಳೂ ಅವಳೇ.

ಗ್ರೀಕ್ ಲೇಖಕ ಝೆನೊಫೋನ್ ಬರೆದ ಮನೆವಾರ್ತೆಯ ಗ್ರಂಥದಲ್ಲಿ ಗಂಡ ಹೊಸ ಹೆಂಡತಿಗೆ ಮನೆ ತೋರಿಸುವ ಜಾಗ ಇದೆ. ಹೆಂಗಸರ ಭಾಗಕ್ಕೂ ಗಂಡಸರ ಭಾಗಕ್ಕೂ ನಡುವೆ ಅಗುಳಿ ಹಾಕಿದ ಬಾಗಿಲು. ಯಾಕೆ? ಸಾಮಾನು ಹೊರಗೆ ಹೋಗಬಾರದು. ತಮ್ಮ ಒಪ್ಪಿಗೆ ಇಲ್ಲದೆ ಗುಲಾಮರಿಗೆ ಮಕ್ಕಳಾಗಬಾರದು. ನಾವು ಆ ಬಾಗಿಲನ್ನು ಮನೆಯೊಡತಿಯ ಮಾನ ಕಾಯುವ ಬಾಗಿಲು ಅಂದುಕೊಂಡಿದ್ದೆವು. ಅದು ಗುಲಾಮರಿಗೆ ಹಾಕಿದ ಅಗುಳಿ.

ಕಲ್ಲುಚಪ್ಪಡಿ

ಹೌದು. ಇದು ಬಹಳ ಮುಖ್ಯವಾದ ಮಾತು.

ಮಗ್ಗದ ವಿಷಯ ಬಂದದ್ದಕ್ಕೆ ಇನ್ನೊಂದು. ಕ್ರಿ.ಪೂ. 52ರಲ್ಲಿ ರೋಮ್‌ನ ರಾಜಕಾರಣಿ ಕ್ಲೋಡಿಯಸ್ ಕೊಲೆಯಾದಾಗ ಅವನ ಕಡೆಯವರು ಲೆಪಿಡಸ್ ಮನೆಗೆ ನುಗ್ಗಿದರು. ಹಜಾರದಲ್ಲಿದ್ದ ಹಿರಿಯರ ಮುಖಬಿಂಬಗಳನ್ನು ಕೆಡವಿದರು, ಲೆಪಿಡಸ್ ಹೆಂಡತಿಯ ಮಂಚ ಮುರಿದರು, ಹಳೆಯ ರೂಢಿಯಂತೆ ಹಜಾರದಲ್ಲಿ ನೇಯುತ್ತಿದ್ದ ಬಟ್ಟೆಯನ್ನೂ ಹಾಳು ಮಾಡಿದರು ಅಂತ ಆಸ್ಕೋನಿಯಸ್ ಅನ್ನುವ ರೋಮನ್ ಲೇಖಕ ಬರೆದಿದ್ದಾನೆ. ಅಂದರೆ ರೋಮ್‌ನ ದೊಡ್ಡ ರಾಜಕಾರಣಿಯ ಮನೆಯಲ್ಲೂ ಮಗ್ಗ ಇದ್ದದ್ದು ಎಲ್ಲರೂ ಬರುವ ಹಜಾರದಲ್ಲಿ. ಪೊಂಪೈಯ ಹಜಾರಗಳಲ್ಲೂ ಮಗ್ಗದ ಗುಂಡು, ಕಪಾಟು, ದಿನಬಳಕೆಯ ಪಾತ್ರೆ ಸಿಕ್ಕಿವೆ. ಈಗ ನಾವು ನೋಡುವ ಖಾಲಿ ಅಮೃತಶಿಲೆಯ ಹಜಾರ ಆಗ ಹಾಗಿರಲಿಲ್ಲ. ಬೆಳಿಗ್ಗೆ ಆಶ್ರಿತರು, ಅವರು ಹೋದ ಮೇಲೆ ಮಗ್ಗ, ಮಕ್ಕಳು, ಧಾನ್ಯ.

ಬಾಡಿಗೆಮನೆ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಎಲ್ಲರೂ ದೊಡ್ಡ ಮನೆಯ ಬಗ್ಗೆಯೇ ಹೇಳುತ್ತಿದ್ದೀರಿ. ಅಂಗಡಿಯವರು, ಕೂಲಿಯವರು ಎಲ್ಲಿದ್ದರು ಅಂತಲೂ ಕೇಳಬೇಕಲ್ಲ.

ಪೊಂಪೈ ಗೋಡೆಗಳ ಮೇಲೆ ಬಾಡಿಗೆ ಜಾಹೀರಾತುಗಳೇ ಸಿಕ್ಕಿವೆ. ನನಗೆ ಅವು ಯಾವ ಚಿತ್ರಕ್ಕಿಂತಲೂ ಹತ್ತಿರ ಅನಿಸುತ್ತವೆ. ಒಂದರಲ್ಲಿ ಗ್ನೇಯಸ್ ಅಲ್ಲೇಯಸ್ ನಿಗಿಡಿಯಸ್ ಮಾಯಸ್ ಅನ್ನುವವನ ಕಟ್ಟಡ. ಜುಲೈ 1ರಿಂದ ಅಟ್ಟ ಸಮೇತ ಅಂಗಡಿಗಳು, ಒಳ್ಳೆಯ ಮೇಲಂತಸ್ತಿನ ಮನೆಗಳು, ಒಂದು ಪೂರ್ತಿ ಮನೆ ಬಾಡಿಗೆಗಿವೆ. ಬೇಕಾದವರು ಅವನ ಗುಲಾಮ ಪ್ರೈಮಸ್‌ನನ್ನು ಕಾಣಬೇಕು. ಇನ್ನೊಂದು ಜೂಲಿಯಾ ಫೆಲಿಕ್ಸ್ ಅನ್ನುವ ಹೆಂಗಸಿನದು. ಅವಳ ಆಸ್ತಿಯಲ್ಲಿ ಸ್ನಾನಗೃಹ, ಅಂಗಡಿಗಳು, ಮೇಲಿನ ಕೋಣೆಗಳು ಐದು ವರ್ಷದ ಕರಾರಿಗೆ ಸಿಗುತ್ತವೆ.

ದೊಡ್ಡ ಮನೆಯ ಬಾಗಿಲಿನ ಎರಡೂ ಬದಿ ಅಂಗಡಿ ಇರುವುದನ್ನು ನೀವು ನೋಡಿರಬಹುದು ತುಂಗಾತೀರ ಅವರೇ. ಅಂಗಡಿಯ ಮೂಲೆಯಲ್ಲಿ ಮರದ ಏಣಿ, ಮೇಲೆ ಅಟ್ಟ. ಇಡೀ ಸಂಸಾರ ಅಲ್ಲೇ. ಪೊಂಪೈ ಜೊತೆಗೇ ಹೂತುಹೋದ ಹತ್ತಿರದ ಊರು ಹರ್ಕ್ಯುಲೇನಿಯಂನಲ್ಲಿ ಮರದ ಚೌಕಟ್ಟಿಗೆ ಕಲ್ಲುಮಣ್ಣು ತುಂಬಿ ಕಟ್ಟಿದ ಅಗ್ಗದ ಮನೆ ಒಂದು ಹಾಗೇ ನಿಂತಿದೆ. ಮೇಲಿನ ಮನೆಗೆ ಬೀದಿಯಿಂದಲೇ ಬೇರೆ ಮೆಟ್ಟಿಲು. ವಿಟ್ರೂವಿಯಸ್‌ಗೆ ಈ ಥರದ ಗೋಡೆ ಕಂಡರೆ ಆಗುತ್ತಿರಲಿಲ್ಲ, ಬೆಂಕಿಗೆ ಪಂಜು ಇದ್ದ ಹಾಗೆ ಅಂತ ಬೈದಿದ್ದಾನೆ. ರೋಮ್ ನಗರದಲ್ಲಂತೂ ಬಾಡಿಗೆ ಕಟ್ಟಡಗಳು ಎಷ್ಟು ಎತ್ತರ ಏರಿದವು ಅಂದರೆ ಚಕ್ರವರ್ತಿ ಅಗಸ್ಟಸ್ 70 ಅಡಿಗಿಂತ ಜಾಸ್ತಿ ಕಟ್ಟಬೇಡಿ ಅಂತ ಕಾನೂನು ಮಾಡಬೇಕಾಯಿತು.

ತುಂಗಾತೀರ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬಾಡಿಗೆಮನೆ ಅವರೇ, ಪ್ರೈಮಸ್ ಎನ್ನುವ ಒಂದು ಹೆಸರಾದರೂ ಸಿಕ್ಕಿತಲ್ಲ ಅಂತ ಸಮಾಧಾನವಾಯಿತು. ಆದರೆ ನನ್ನ ಮೊದಲ ಪ್ರಶ್ನೆ ಇನ್ನೂ ಉಳಿದಿದೆ. ಅವರು ಮಲಗಿದ್ದು ಎಲ್ಲಿ?

ಕಲ್ಲುಚಪ್ಪಡಿ

ಅದಕ್ಕೇ ಬರುತ್ತಿದ್ದೇನೆ. ಮೊದಲು ರಾತ್ರಿ ಊಟದ ಹೊತ್ತು ನೋಡಿ. ಟ್ರೈಕ್ಲಿನಿಯಂ ಅಂದರೆ ಮೂರು ಮಂಚದ ಕೋಣೆ. ಮಂಚಕ್ಕೆ ಮೂವರಂತೆ ಒಂಬತ್ತು ಜನ ಒರಗಿಕೊಂಡು ಊಟ ಮಾಡುತ್ತಾರೆ. ಪೊಂಪೈಯ ಒಂದು ಮನೆಯಲ್ಲಿ ಊಟದ ಜಾಗದ ಗೋಡೆಯ ಮೇಲೆ ಅತಿಥಿಗಳಿಗೆ ನಿಯಮ ಬರೆದಿದೆ. ಬೇರೆಯವರ ಹೆಂಡತಿಯ ಮೇಲೆ ಕಣ್ಣು ಹಾಕಬೇಡ, ಜಗಳ ಆಡಬೇಡ, ಆಗದಿದ್ದರೆ ಮನೆಗೆ ಹೊರಡು ಅಂತ. ಅದರಲ್ಲೇ ಇನ್ನೊಂದು ಸಾಲು: ಕಾಲನ್ನು ನೀರು ತೊಳೆಯಲಿ, ಒದ್ದೆ ಕಾಲನ್ನು ಹುಡುಗ ಒರೆಸಲಿ. ಆ ಹುಡುಗ ಗುಲಾಮ.

ಯಜಮಾನ ತಿನ್ನುತ್ತಿರುವಾಗ ಗುಲಾಮರು ರಾತ್ರಿಯಿಡೀ ಹಸಿದು ನಿಂತಿರಬೇಕು, ತುಟಿ ಅಲ್ಲಾಡಿಸುವಂತಿಲ್ಲ, ಕೆಮ್ಮು ಸೀನು ಬಿಕ್ಕಳಿಕೆ ಬಂದರೂ ಏಟು ಅಂತ ರೋಮನ್ ತತ್ವಜ್ಞಾನಿ ಸೆನೆಕಾ ಒಂದು ಪತ್ರದಲ್ಲಿ ನೊಂದುಕೊಂಡು ಬರೆದಿದ್ದಾನೆ. ಆ ಚಂದದ ಚಿತ್ರದ ಗೋಡೆಗಳಿಗೆ ಒರಗದೆ ಗಂಟೆಗಟ್ಟಲೆ ನಿಂತವರು ಅವರು.

ದೊಡ್ಡ ಮನೆಗಳಲ್ಲಿ ಕೆಲಸದವರಿಗೆ ಬೇರೆ ಭಾಗ ಇರುತ್ತಿತ್ತು. ಮೆನಾಂಡರ್ ಮನೆ ಅನ್ನುವಲ್ಲಿ ಆ ಭಾಗಕ್ಕೆ ಹೋಗಲು ಇಕ್ಕಟ್ಟಾದ ಉದ್ದನೆಯ ಓಣಿ ಇದೆ, ತೋಟದಲ್ಲಿ ಕುಳಿತವರಿಗೆ ಅದು ಕಾಣುವುದೇ ಇಲ್ಲ. ಇಂಥ ಭಾಗಗಳಲ್ಲಿ ಗೋಡೆಗೆ ಬರೀ ಸುಣ್ಣ, ಅಥವಾ ಓರೆಯಾಗಿ ಎಳೆದ ಕಪ್ಪು ಬಿಳಿ ಪಟ್ಟೆ. ಬಣ್ಣದ ಚಿತ್ರ ನಿಂತು ಪಟ್ಟೆ ಶುರುವಾದರೆ ಅತಿಥಿ ಅಲ್ಲಿಂದ ಮುಂದೆ ಹೋಗುವುದಿಲ್ಲ ಅಂತ ಅರ್ಥ ಮಾಡಿಕೊಳ್ಳಬಹುದು. ಚಿಕ್ಕ ಮನೆಗಳಲ್ಲಿ ಬಾಗಿಲ ಹೊರಗೆ, ಅಡುಗೆಮನೆಯಲ್ಲಿ, ಅಟ್ಟದ ಮೇಲೆ ಚಾಪೆ ಹಾಸಿ ಮಲಗುತ್ತಿದ್ದರು. ಚಾಪೆ ಸುತ್ತಿಟ್ಟರೆ ಏನೂ ಉಳಿಯುವುದಿಲ್ಲ. ಅಗೆದವರಿಗೂ ಸಿಗುವುದಿಲ್ಲ.

ದೂರದೀಪ

ಒಂದು ಕಡೆ ಸಿಕ್ಕಿದೆ ಸರ್. ನಾನು ಇಟಲಿಯಲ್ಲೇ ಓದುತ್ತಿದ್ದೇನೆ, ಆಗ ಈ ಸುದ್ದಿ ದಿನಾ ಹಿಂಬಾಲಿಸುತ್ತಿದ್ದೆ.

ಪೊಂಪೈ ಕೋಟೆಯಿಂದ ಸುಮಾರು 700 ಮೀಟರ್ ದೂರದಲ್ಲಿ ಚಿವಿಟಾ ಜೂಲಿಯಾನಾ ಅನ್ನುವ ಜಾಗ. ಅಲ್ಲಿನ ತೋಟದ ಮನೆಯಲ್ಲಿ 2021ರಲ್ಲಿ ಒಂದು ಕೋಣೆ ಸಿಕ್ಕಿತು. 16 ಚದರ ಮೀಟರ್. ಮರ, ಹಗ್ಗ, ಬಟ್ಟೆ ಎಲ್ಲ ಕೊಳೆತು ಹೋಗಿ ಬೂದಿಯಲ್ಲಿ ಟೊಳ್ಳು ಉಳಿದಿತ್ತು. ಆ ಟೊಳ್ಳಿಗೆ ಪ್ಲಾಸ್ಟರ್ ಸುರಿದಾಗ ಮೂರು ಮಂಚಗಳ ಆಕಾರ ಬಂತು. ಎರಡು ಮಂಚ 1.70 ಮೀಟರ್ ಉದ್ದ. ಒಂದು 1.40. ಮಗುವಿನದು ಇರಬೇಕು.

ಮರದ ಚೌಕಟ್ಟಿಗೆ ಹಗ್ಗ ಹೆಣೆದು ಅದರ ಮೇಲೆ ಹೊದಿಕೆ ಹಾಸಿದ ಮಂಚಗಳು. ಕೆಳಗೆ ಅವರ ಸ್ವಂತ ಸಾಮಾನು ಇಟ್ಟ ಮಡಕೆ, ಹೂಜಿ. ಒಂದೇ ಕಿಟಕಿ, ಅದೂ ಎತ್ತರದಲ್ಲಿ, ಚಿಕ್ಕದು. ಗೋಡೆಗೆ ಚಿತ್ರ ಇಲ್ಲ. ಅದೇ ಕೋಣೆಯ ಮೂಲೆಯಲ್ಲಿ ಎಂಟು ದೊಡ್ಡ ಜಾಡಿಗಳು. ಕುದುರೆಯ ಸಜ್ಜು, ಗಾಡಿಯ ಮೂಕಿ ಕೂಡ ಅಲ್ಲೇ. ಅಂದರೆ ಅದು ಉಗ್ರಾಣವೂ ಹೌದು. ಸಾಮಾನಿನ ಜೊತೆ ಸಾಮಾನಾಗಿ ಆ ಮೂವರು ಮಲಗುತ್ತಿದ್ದರು.

ಆಮೇಲೆ 2023ರಲ್ಲಿ ಪಕ್ಕದ ಇನ್ನೊಂದು ಕೋಣೆ ಸಿಕ್ಕಿತು. ಅಲ್ಲಿನ ಮಡಕೆಗಳಲ್ಲಿ ಇಲಿ ಹೆಗ್ಗಣಗಳ ಎಲುಬು ಇದ್ದವು.

ತುಂಗಾತೀರ

ದೂರದೀಪ, ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ. 1.40 ಮೀಟರ್ ಅಂದರೆ ನನ್ನ ತಂಗಿಯ ಮಗನ ಎತ್ತರ.

ನಿನ್ನೆ ರಾತ್ರಿ ವೆಟ್ಟಿ ಮನೆಯ ಫೋಟೋಗಳನ್ನೆಲ್ಲ ಮತ್ತೆ ತೆಗೆದು ನೋಡಿದೆ. ತೋಟದ್ದು, ಚಿತ್ರಗಳದ್ದು ರಾಶಿ ಇದೆ. ಅಡುಗೆಮನೆಯದು ಒಂದೇ ಒಂದು. ಒಲೆಕಟ್ಟೆ ಮೇಲೆ ಕಂಚಿನ ಪಾತ್ರೆಗಳು. ಅದರ ಹತ್ತಿರವೇ ಸಣ್ಣ ಅಂಗಳ, ಅಲ್ಲಿ ಮನೆದೇವರ ಗೂಡು, ಕೆಳಗೆ ಹಾವಿನ ಚಿತ್ರ. ಅದು ಕೆಲಸದವರ ಕಡೆಯ ಅಂಗಳ ಅಂತ ಈಗ ಗೊತ್ತಾಯಿತು.

ಕಲ್ಲುಚಪ್ಪಡಿ

ಹೌದು, ಅದೇ. ಇನ್ನೊಂದು ಮಾತು ಸೇರಿಸುತ್ತೇನೆ. ಆ ಮನೆಯ ಒಡೆಯರು ವೆಟ್ಟಿಯಸ್ ಕಾನ್ವೀವಾ, ವೆಟ್ಟಿಯಸ್ ರೆಸ್ಟಿಟ್ಯೂಟಸ್. ಇಬ್ಬರೂ ಹಿಂದೆ ಗುಲಾಮರಾಗಿದ್ದು ಬಿಡುಗಡೆ ಪಡೆದವರು ಅಂತ ಬಹುತೇಕ ವಿದ್ವಾಂಸರ ಅಭಿಪ್ರಾಯ. ಅವರಿಗೆ ಆ ಹಿಂದಿನ ಅಂಗಳದ ಬದುಕು ಗೊತ್ತಿತ್ತು. ಆದರೂ ತಮ್ಮ ಮನೆಯಲ್ಲಿ ಅದನ್ನು ಪಕ್ಕಕ್ಕೆ, ಕಣ್ಣಿಗೆ ಬೀಳದ ಹಾಗೇ ಇಟ್ಟುಕೊಂಡರು. ಇದು ನನಗೆ ಇವತ್ತಿಗೂ ನೋವು ಕೊಡುವ ವಿಷಯ.

ತುಂಗಾತೀರ

ಮುಂದಿನ ವರ್ಷ ಅಮ್ಮನನ್ನು ಕರೆದುಕೊಂಡು ಮತ್ತೆ ಹೋಗುವ ಯೋಚನೆ ಇದೆ. ಈ ಸಲ ಹರ್ಕ್ಯುಲೇನಿಯಂ. ಏನು ತಪ್ಪದೆ ನೋಡಬೇಕು?

ನಕ್ಷೆಗಾರ್ತಿ

ಮರದ ತಡಿಕೆಯ ಮನೆ ಅಂತ ಕೇಳಿ, ತೋರಿಸುತ್ತಾರೆ. ಹಜಾರಕ್ಕೂ ಟ್ಯಾಬ್ಲಿನಂಗೂ ಮಧ್ಯೆ ಮಡಚುವ ಮರದ ಬಾಗಿಲಿತ್ತು. ಬಿಸಿ ಬೂದಿಯಲ್ಲಿ ಇದ್ದಿಲಾಗಿ ಹಾಗೇ ಉಳಿದಿದೆ. ಪೊಂಪೈಯಲ್ಲಿ ಮರ ಕೊಳೆತು ಹೋಗಿರುವುದರಿಂದ ಬಾಗಿಲಿನಿಂದ ತೋಟದವರೆಗೆ ಎಲ್ಲ ಸದಾ ತೆರೆದೇ ಇತ್ತು ಅನಿಸುತ್ತದೆ. ಇಲ್ಲಿ ಬಂದು ನೋಡಿದರೆ ಬೇಕಾದಾಗ ಮುಚ್ಚುತ್ತಿದ್ದರು ಅಂತ ತಿಳಿಯುತ್ತದೆ. ದೀಪ ತೂಗುಹಾಕುವ ಕಂಚಿನ ಕೊಕ್ಕೆಗಳೂ ಅದರ ಮೇಲೇ ಇವೆ. ಅಮ್ಮನಿಗೆ ಅವನ್ನು ತೋರಿಸಿ. ಆ ದೀಪಗಳಿಗೆ ದಿನಾ ಎಣ್ಣೆ ಹಾಕಿದ ಕೈ ಯಾರದು ಅಂತ ಅವರೂ ಕೇಳಬಹುದು.